ತೇವಕ್ಕೆ ಪ್ರವೇಶವಿಲ್ಲ

ಒಣಗಿಸುವುದು ನನ್ನ ಕಸುಬು. ನಮ್ಮ ಲಾಂಡ್ರಿಯ ಬೋರ್ಡಿನ ಮೇಲೆ ‘ಇಲ್ಲಿ ತೇವಕ್ಕೆ ಪ್ರವೇಶವಿಲ್ಲ’ ಎಂದು ನಾನೇ ಬರೆಸಿದ್ದೇನೆ. ಇಂಥವನಿಗೆ ಒಂದು ಸ್ಕೂಟರ್ ಟೈರು ಮಾಡಿದ ಮಾನಭಂಗವನ್ನು ಯಾರ ಹತ್ತಿರ ಹೇಳಿಕೊಳ್ಳಲಿ? (ನಿಮ್ಮ ಹತ್ತಿರವೇ. ನನ್ನವಳಿಗೆ ಆಗಲೇ ಗೊತ್ತು.)

ಅವಳಿಗೆ ಬಿಸ್ಕತ್ತು ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸಕ್ಕೆ ಸಂದರ್ಶನವಿತ್ತು. ಮೂರು ವರ್ಷ ಕಾದು ಬಂದ ಕರೆ. ಹತ್ತು ಗಂಟೆಗೆ ಗೇಟು ಮುಚ್ಚಿದರೆ ಮುಗಿಯಿತು. ದಾರಿಯಲ್ಲಿ ಪಂಕ್ಚರ್ ಆಗಿಬಿಟ್ಟರೆ ಎಂಬ ಚಿಂತೆಯಲ್ಲಿ ನನಗೆ ಹಿಂದಿನ ದಿನ ಊಟವೇ ಇಳಿಯಲಿಲ್ಲ. ಅದಕ್ಕೇ, ಟೈರಿನೊಳಗೆ ಸುರಿದರೆ ತೂತು ಬಿದ್ದಾಗ ಒಳಗಿನಿಂದಲೇ ಮುಚ್ಚುವ ಸೀಲೆಂಟ್ ಎಂಬ ದಿವ್ಯೌಷಧಿ ತಂದೆ. ಸ್ಕೂಟರಿಗೆ ಹಾಕಿಸಲೆಂದು ಹಿತ್ತಲಲ್ಲಿದ್ದ ಒಳ್ಳೆಯ ಟೈರೊಂದನ್ನು ಒಳಗೂ ಹೊರಗೂ ಸೋಪು ಹಚ್ಚಿ ತೊಳೆದು ಪಂಕ್ಚರ್ ಅಂಗಡಿಯವನ ಮುಂದಿಟ್ಟೆ.

“ಒಳಗೆ ಇನ್ನೂ ಪಸೆ ಇದೆಯಲ್ಲಣ್ಣ. ನೀರು ಸೇರಿದ್ರೆ ಔಷಧಿ ತೆಳ್ಳಗಾಗತ್ತೆ, ತೂತಿಗೆ ಕಚ್ಕೊಳ್ಳಲ್ಲ.”

“ಒಣಗ್ಸೋದನ್ನ ನನಗೇ ಹೇಳ್ಕೊಡ್ತೀಯಾ? ಹಾಕಯ್ಯಾ ಸುಮ್ನೆ.”

ಹಾಕಿದ.

ಮರುದಿನ ಅರ್ಧ ದಾರಿಯಲ್ಲಿ ಮೊಳೆ ಚುಚ್ಚಿತು. “ಹೆದರ್ಬೇಡ, ತಾನಾಗೇ ಮುಚ್ಕೊಳ್ಳತ್ತೆ ನೋಡು,” ಎಂದು ಗತ್ತಿನಿಂದ ಮೊಳೆ ಕಿತ್ತೆ. ನೀರು ಬೆರೆಸಿದ ಹಾಲಿನಂಥದ್ದು ಪಿಚಕ್ಕನೆ ಚಿಮ್ಮಿ, ನಾನೇ ಇಸ್ತ್ರಿ ಮಾಡಿದ ಅವಳ ಕಡುನೀಲಿ ಅಂಗಿಯ ತೋಳಿಗೆ ಬಿತ್ತು.

“ಮುಚ್ಕೊಂಡ್ತಾ?”

“ಇನ್ನೊಂದು ನಿಮಿಷ...”

“ನಿಮ್ಮ ಬಾಯನ್ನಾದ್ರೂ ಮುಚ್ಕೊಳ್ಳಿ.”

ಅವಳ ಕಣ್ಣು ತುಂಬಿತ್ತು. ಗಂಟೆ ಒಂಬತ್ತು ನಲವತ್ತು. ಎದುರು ಬಂದ ಆಟೋವನ್ನು ಅವಳೇ ನಿಲ್ಲಿಸಿ ಹತ್ತಿ ಹೋದಳು. ನಾನು ಸ್ಕೂಟರ್ ತಳ್ಳಿಕೊಂಡು ಅದೇ ಅಂಗಡಿಗೆ ಹೋದೆ. ಅವನು ಟೈರು ಬಿಚ್ಚಿ ಬಗ್ಗಿಸಿದ. ನನ್ನ ದಿವ್ಯೌಷಧಿ ನೀರುನೀರಾಗಿ ನೆಲಕ್ಕೆ ಹರಿಯಿತು. ಅವನು ಒಂದು ಒಣ ಬಟ್ಟೆ ತಂದು ನನ್ನ ಕೈಗೇ ಕೊಟ್ಟ. ಬೈದಿದ್ದರೆ ವಾಸಿಯಿತ್ತು.

ಸಂಜೆಯವರೆಗೆ ಜೀವ ಕೈಯಲ್ಲಿ ಹಿಡಿದು ಕೂತಿದ್ದೆ. ಕೊನೆಗೂ ಬಂದಳು.

“ಕೆಲಸ ಸಿಕ್ತು. ಪ್ಯಾಕೆಟ್ ಮುಚ್ಚೋ ಮುಂಚೆ ಏನು ನೋಡ್ತೀರಿ ಅಂತ ಮ್ಯಾನೇಜರ್ ಕೇಳಿದ್ರು. ಒಳಗೆ ತೇವ ಇದೆಯಾ ನೋಡ್ತೀನಿ ಅಂದೆ. ತೋಳಿನ ಕಲೆ ತೋರ್ಸಿ ಕಥೆಯೆಲ್ಲಾ ಹೇಳ್ದೆ. ನಕ್ಕೂ ನಕ್ಕೂ ಸುಸ್ತಾದ್ರು.”

ಹೋದ ಜೀವ ಬಂದಂತಾಯಿತು. “ನನ್ನ ಹೆಸರು ಹೇಳ್ಲಿಲ್ಲ ತಾನೇ?”

“ಛೇ, ಗಂಡನ ಮರ್ಯಾದೆ ನಾನೇ ತೆಗೀತೀನಾ? ಬೋರ್ಡಲ್ಲಿ ಏನು ಬರ್ದಿದೆ ಅಂತ ಹೇಳ್ದೆ, ಅಷ್ಟೇ.”

ಆ ಮ್ಯಾನೇಜರು ನಮ್ಮ ಹಳೇ ಗಿರಾಕಿ. ಮರುದಿನ ಅಂಗಿ ಒಯ್ಯಲು ಬಂದವರು ಬೋರ್ಡನ್ನು ನಿಧಾನವಾಗಿ ಓದಿದರು, ನನ್ನ ಮುಖ ನೋಡಿದರು, ಆಮೇಲೆ ಅಂಗಿಯ ಜೇಬಿನೊಳಗೆ ಎರಡು ಬೆರಳು ಇಳಿಸಿ ಮುಟ್ಟಿ ನೋಡಿದರು.