ಮುಖ ತಿರುಗಿಸಿದ ನಾಗ

ನಾನು ಅಜ್ಜನಾದೆ! ಮೊಮ್ಮಗಳು. ಮಗಳು ಶಶಿ ಎಷ್ಟೋ ವರ್ಷ ಕಾದ ಮೇಲೆ ಬಹ್ರೈನಿನ ಆಸ್ಪತ್ರೆಯಲ್ಲಿ ಹೆತ್ತ ಮುತ್ತಿನಂಥ ಮಗು. ಆ ಸಂತೋಷಕ್ಕೆ ಮಣ್ಣು ಹಾಕಿದ ಮಹಾಶಯನೂ ನಾನೇ. ಮಣ್ಣು ಹಾಕಿದ್ದಲ್ಲ, ತೆಗೆದದ್ದು!

ಬಾಣಂತನಕ್ಕೆಂದು ನಾನೂ ನನ್ನವಳೂ ಊರಿನಿಂದ ಅಲ್ಲಿನ ಹೂರಾ ಎಂಬ ಪೇಟೆಯಲ್ಲಿರುವ ಮಗಳ ಫ್ಲ್ಯಾಟಿಗೆ ಬಂದಿದ್ದೆವು. ಅಳಿಯ ಸದಾನಂದ ಅಲ್ಲಿ ಹಾವು ಸಾಕಿದ್ದ. ವಿಷವಿಲ್ಲದ ಮಣ್ಣುಮುಕ್ಕ. ಗಾಜಿನ ಪೆಟ್ಟಿಗೆ, ತುಂಬ ಮರಳು, ಮೂಲೆಯಲ್ಲಿ ಕಾವಿಗೊಂದು ಬಲ್ಬು. ತಾಯಿ ಮಗುವನ್ನು ಕರೆತರಲು ಹೊರಟವನು, ಪೆಟ್ಟಿಗೆ ಮುಟ್ಟಬೇಡಿ ಎಂದು ಹೇಳಿಯೇ ಹೋದ. ನಾನು ಮೂರನೆಯ ಕ್ಲಾಸಿಗೇ ಶಾಲೆ ಬಿಟ್ಟವನಾದರೂ, ನಾಗನ ವಿಷಯ ನನಗೆ ಹೇಳಿಕೊಡುವವರುಂಟೇ?

ಬಗ್ಗಿ ನೋಡಿದೆ. ಮರಳಿನಿಂದ ಎರಡು ಕಣ್ಣು ಮಾತ್ರ ಹೊರಗೆ! ಮಗು ಮನೆಗೆ ಬರುವಾಗ ನಾಗ ಹೂತುಹೋಗಿರುವುದೇ? ಅನ್ನದ ಸೌಟಿನಿಂದ ಮರಳನ್ನೆಲ್ಲ ಬಕೆಟಿಗೆ ತೋಡಿದೆ. ಹಗಲಲ್ಲಿ ಯಾಕೆಂದು ಬಲ್ಬು ಆರಿಸಿದೆ. ನನ್ನವಳ ಹೊಸ ರವಕೆ ಕಣ ಹಾಸಿ, ಅರಸಿನ ಇಟ್ಟು ಕೈಮುಗಿದೆ.

ಹಾವು ಸುರುಳಿ ಸುತ್ತಿ, ತಲೆಯನ್ನು ಒಳಗೆ ಹುದುಗಿಸಿತು. ಬಲಕ್ಕೆ ಹೋದೆ, ಎಡಕ್ಕೆ ಹೋದೆ. ಮುಖವಿಲ್ಲ. ಬೆರಳು ತಾಗಿಸಿದರೆ ಬುಸ್ಸೆಂದಿತು.

ನಾಗ ಈ ಮನೆಗೆ ಮುಖ ತಿರುಗಿಸಿದೆ! ನನ್ನವಳು ತಡೆಯುವುದರೊಳಗೆ ಆಸ್ಪತ್ರೆಗೆ ಫೋನು ಮಾಡಿ, ಶಾಂತಿ ಮಾಡಿಸದೆ ಮಗುವನ್ನು ಹೊಸ್ತಿಲು ದಾಟಿಸಬಾರದೆಂದು ಆಜ್ಞಾಪಿಸಿದೆ. ಫೋನೆತ್ತಿದ ನರ್ಸಮ್ಮ ಮಂಗಳೂರಿನವರು. ಒಂದಕ್ಷರ ಬಿಡದೆ ಶಶಿಗೆ ಮುಟ್ಟಿಸಿದರು. ಹೊರಡಲು ಸಿದ್ಧಳಾಗಿದ್ದ ಅವಳು ಮಗುವನ್ನು ಅಪ್ಪಿಕೊಂಡು ಅತ್ತಳಂತೆ.

ಅಳಿಯ ಟ್ಯಾಕ್ಸಿಯಲ್ಲಿ ಒಬ್ಬನೇ ಓಡಿಬಂದ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕಣ ತೆಗೆದ, ಮರಳು ಸುರಿದ, ಬಲ್ಬು ಹಾಕಿದ.

"ಅದಕ್ಕೆ ಸಿಟ್ಟಲ್ಲ ಮಾವ, ಹೆದರಿಕೆ. ಅಡಗಲಿಕ್ಕೆ ಜಾಗ ಇಲ್ಲದಿದ್ದರೆ ತಲೆ ಉಳಿಸ್ಲಿಕ್ಕೆ ಹಾಗೆ ಮಾಡ್ತದೆ. ಬೆಚ್ಚಗಿನ ಮರಳೇ ಅದರ ಮನೆ."

ಹಾವು ಮೆಲ್ಲಗೆ ಮರಳಿಗಿಳಿಯಿತು. ಸ್ವಲ್ಪ ಹೊತ್ತಿಗೆ ಎರಡು ಕಣ್ಣು ಮೇಲೆ ಬಂತು. ನನ್ನನ್ನೇ ನೋಡಿತು.

"ಪುಳ್ಳಿ ಮಗು ಮನೆಗೆ ಬರುವ ದಿನ ನಿಮಗೆ ಇದೆಲ್ಲ ಎಂತಕ್ಕೆ ಬೇಕಿತ್ತು ಮಾರಾಯ್ರೆ?" ಎಂದಳು ನನ್ನವಳು. ನಾನು ಸೌಟು ತೊಳೆಯಲು ಹೋದೆ.

ಸಂಜೆ ಮಗು ಹೊಸ್ತಿಲು ದಾಟಿತು. ಹಮೂರ್ ಮೀನಿನ ಸಾರು ಮಾಡಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಮಗು ಕಿರುಚತೊಡಗಿತು. ಶಶಿ ಬೆಚ್ಚನೆಯ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದಳು. ತಕ್ಷಣ ಸುಮ್ಮನಾಯಿತು.

"ಅಪ್ಪ, ಇದನ್ನು ಸೌಟು ಹಾಕಿ ತೋಡ್ಬೇಡಿ ಆಯ್ತಾ?"

ಎಲ್ಲರೂ ನಕ್ಕರು. ನಾನು ತಲೆಯನ್ನು ಹೆಗಲೊಳಗೆ ಎಳೆದುಕೊಂಡು ಅನ್ನ ಕಲಸಿದೆ. ಆ ಪೆಟ್ಟಿಗೆಯ ಮರಳಿನಲ್ಲಿ ಇನ್ನೊಬ್ಬರಿಗೆ ಜಾಗ ಉಂಟೇ ಎಂದು ಅಳಿಯನಲ್ಲಿ ಕೇಳಲು ಧೈರ್ಯವಾಗಲಿಲ್ಲ!