ಆನ್-ರೋಡ್ ಸರದಾರನೂ ಅವ್ವನ ಹುರುಳಿಯೂ

ಜನವರಿ ಕೊನೇ ಭಾನುವಾರ ಹಾಸನದಲ್ಲಿ ರಿಮೋಟ್ ಕಾರುಗಳ ರೇಸು, ಹೊಸಬರಿಗೇ ಅಂತ ಬೇರೆ ವಿಭಾಗವೂ ಉಂಟು ಎಂಬ ಸುದ್ದಿ ಮೊಬೈಲಿಗೆ ಬಂದ ಗಳಿಗೆಯಲ್ಲೇ ಹಳೇಕೋಟೆಯ ರವೀಂದ್ರ ಮನಸ್ಸಿನಲ್ಲಿ ಗೆದ್ದಾಗಿತ್ತು! ಇನ್ನು ಬಾಕಿ ಇದ್ದದ್ದು ಕಾರು ಕೊಳ್ಳುವುದು, ಓಡಿಸಲು ಕಲಿಯುವುದು ಮುಂತಾದ ಚಿಲ್ಲರೆ ಕೆಲಸಗಳು ಮಾತ್ರ.

ವಯಸ್ಸು ನಲವತ್ತೊಂದು. ಹೊಳೆನರಸೀಪುರದ ಕಾಲೇಜೊಂದರಲ್ಲಿ ಗುಮಾಸ್ತ. ಮನೆಯಲ್ಲಿ ಹೆಂಡತಿ ಸೌಜನ್ಯ, ತಾಯಿ ಬೆಟ್ಟಮ್ಮ ಮತ್ತು ಒಂದು ಡಜನ್ ನಾಟಿ ಕೋಳಿ. ಇಷ್ಟೂ ಜೀವಗಳಲ್ಲಿ ಅವನ ಮಾತು ಕೇಳುವವರು ಯಾರೂ ಇಲ್ಲ, ಕೋಳಿಗಳೂ ಸೇರಿದಂತೆ! ಅದಕ್ಕೇ ಇರಬೇಕು, ಬೆರಳು ಒತ್ತಿದರೆ ಓಡುವ, ಬಿಟ್ಟರೆ ನಿಲ್ಲುವ ಆ ಪುಟ್ಟ ಕಾರಿನ ಮೇಲೆ ಅವನಿಗೆ ಅಷ್ಟು ಪ್ರೀತಿ ಉಕ್ಕಿದ್ದು.

ಹಾಸನದ ಅಂಗಡಿಯಲ್ಲಿ ಗೌತಮ್ ಎಂಬ ಹುರುಪಿನ ಯುವಕ ಮೊದಲ ಪ್ರಶ್ನೆಯನ್ನೇ ಎಸೆದ.

“ಆನ್-ರೋಡಾ, ಆಫ್-ರೋಡಾ ಸಾರ್?”

“ಎರಡಕ್ಕೂ ಏನ್ ವ್ಯತ್ಯಾಸ?”

“ಆನ್-ರೋಡು ನುಣ್ಣಗಿರೋ ನೆಲದ ಮೇಲೆ ಸುಯ್ ಅಂತ ಹೋಗ್ತದೆ. ಆದ್ರೆ ಒಂದು ಸಣ್ಣ ಕಲ್ಲು ಸಿಕ್ರೂ ಮುನಿಸ್ಕತದೆ. ಆಫ್-ರೋಡು ಅಷ್ಟು ಸ್ಪೀಡಿಲ್ಲ, ಆದ್ರೆ ಮಣ್ಣು, ಕಲ್ಲು, ಹುಲ್ಲು ಏನಿದ್ರೂ ಹತ್ತಿ ಇಳೀತದೆ. ಹೊಸಬ್ರು ಮೊದ್ಲು ಎಲ್ಲಿ ಓಡಿಸ್ತೀವಿ ಅಂತ ನೋಡ್ಕಬೇಕು ಸಾರ್. ಕಾರು ಆಮೇಲೆ.”

ರವೀಂದ್ರ ನಕ್ಕ. ಎಲ್ಲಿ ಓಡಿಸುವುದೆಂದು ಅವನನ್ನು ಕೇಳುವುದೇ! ಹಳೇಕೋಟೆಯಲ್ಲಿ ಅವನ ಮನೆ ಮುಂದೆ ಆರು ವರ್ಷ ಗುಂಡಿಗಳೇ ಇದ್ದವು, ನಡುನಡುವೆ ಸ್ವಲ್ಪ ರಸ್ತೆ. ಅವನು ಹನ್ನೊಂದು ಅರ್ಜಿ ಬರೆದ ಮೇಲೆ, ದೀಪಾವಳಿ ಮುಗಿದ ವಾರದಲ್ಲಿ, ಹೊಸ ಟಾರು ಬಿದ್ದಿತ್ತು. ಕೆನ್ನೆ ಇಟ್ಟು ಮಲಗಬೇಕು, ಅಷ್ಟು ನುಣುಪು!

“ನನ್ ರೋಡ್ ನೋಡಿದ್ರೆ ನೀವು ಈ ಪ್ರಶ್ನೆ ಕೇಳ್ತಿರಲಿಲ್ಲ. ಆನ್-ರೋಡೇ ಕೊಡಿ!”

ಬಂತು ಕೆಂಪು ಕಾರು. ಹೊಟ್ಟೆಗೂ ನೆಲಕ್ಕೂ ನಡುವೆ ಬೆಂಕಿಕಡ್ಡಿ ತೂರುವಷ್ಟೇ ಜಾಗ. ಅದರ ವಾಸಕ್ಕೆಂದು ಮಹಡಿ ಮೇಲಿನ ಖಾಲಿ ಕೋಣೆಗೆ ರವೀಂದ್ರ ಬೀಗ ಜಡಿದ. ಅಲ್ಲಿಂದ ಶುರುವಾಯಿತು ಸಂಸಾರದ ತಾಪತ್ರಯ. ಆ ಕೋಣೆಯ ಮೇಲೆ ಸೌಜನ್ಯ ಮೂರು ವರ್ಷದಿಂದ ಕಣ್ಣಿಟ್ಟಿದ್ದಳು. ಅವಳ ಹೊಲಿಗೆ ಮಿಷಿನ್ನು ಅಡುಗೆಮನೆ ಬಾಗಿಲಲ್ಲಿ ಕೂತು, ಊರವರ ರವಿಕೆಗಳಿಗೆಲ್ಲ ಒಗ್ಗರಣೆ ವಾಸನೆ ಹತ್ತುತ್ತಿತ್ತು.

“ಗೇಣುದ್ದ ಕಾರಿಗೆ ಒಂದ್ ಕೋಣೆ, ನಂಗೆ ಬಾಗಿಲ್ ಸಂದಿ! ಚೆನ್ನಾಗದೆ ನಿಮ್ ನ್ಯಾಯ!”

“ಅದು ಬರೀ ಕಾರಲ್ಲ ಕಣೆ, ರೇಸ್ ಕಾರು!”

ಅಷ್ಟರಲ್ಲಿ ಚನ್ನರಾಯಪಟ್ಟಣದಿಂದ ಅವಳ ತಮ್ಮ ಶಶಿಕಿರಣ್ ಬಂದ. ಅವನು ಎರಡು ವರ್ಷದಿಂದ ಆಫ್-ರೋಡ್ ಕಾರು ಓಡಿಸುವವನು.

“ಹೊಸಬ್ರಿಗೆ ಆಫ್-ರೋಡೇ ಸರಿ ಭಾವ. ಗೋಡೆಗೆ ಗುದ್ದಿದ್ರೂ ತಡ್ಕತದೆ.”

“ಗುದ್ದೋರಿಗೆ ಕಣಪ್ಪ ಅದು! ಮಣ್ಣಲ್ಲಿ ಓಡ್ಸಕ್ಕೆ ನಮ್ಮನೇಲಿ ಟಿಲ್ಲರ್ ಅದೆ. ಬರೋ ಭಾನುವಾರ ಬಾ, ಡೈರಿಯಿಂದ ನಮ್ಮನೆ ಗೇಟ್‌ಗೆ ರೇಸು. ನಿನ್ ಕಾರು ಅರ್ಧ ದಾರೀಲಿರುವಾಗ ನಾನಿಲ್ಲಿ ಕಾಫಿ ಕುಡೀತಿರ್ತೀನಿ!”

ಸೌಜನ್ಯ ಸೌಟು ಹಿಡಿದೇ ಹೊರಗೆ ಬಂದಳು. “ಹಂಗಾದ್ರೆ ಕೇಳ್ರಿ. ನೀವ್ ಗೆದ್ರೆ ಕೋಣೆ ನಿಮ್ದು, ನಾನು ಮತ್ತೆ ಬಾಯ್ ಬಿಡಲ್ಲ. ಸೋತ್ರೆ ನನ್ ಮಿಷಿನ್ನು ಮೇಲಕ್ಕೆ. ಹೊತ್ಕಂಡ್ ಹೋಗೋರೂ ನೀವೇ.”

“ಒಪ್ಪಿದೆ!” ಎಂದ ರವೀಂದ್ರ, ಆಗಲೇ ಗೆದ್ದವನಂತೆ.

ಆ ವಾರ ದಿನಾ ಸಂಜೆ ಅಭ್ಯಾಸ. ಕೆಂಪು ಕಾರು ಹೊಸ ಟಾರಿನ ಮೇಲೆ ಹರಿದಾಡುವುದನ್ನು ನೋಡಿ ಡೈರಿಗೆ ಹಾಲು ಹಾಕಲು ಬಂದವರು ಕ್ಯಾನು ಕೆಳಗಿಟ್ಟು ನಿಂತರು. ಊರಲ್ಲಿ ಯಾವುದನ್ನೂ ಮೆಚ್ಚದ ರೈತ ಗಿಡ್ಡಯ್ಯನೇ “ಬಲು ನಯವಾಗದೆ ಕಣಪ್ಪ ರೋಡು!” ಎಂದು ಹೊಗಳಿದ. ಅವನು ಹೊಗಳಿದ್ದು ಕಾರನ್ನಲ್ಲ, ರೋಡನ್ನು ಎಂಬುದನ್ನು ರವೀಂದ್ರ ಅಲ್ಲೇ ಗಮನಿಸಬೇಕಿತ್ತು. ಗಮನಿಸಲಿಲ್ಲ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಸ್ನಾನ ಮಾಡಿ, ಕಪ್ಪು ಕನ್ನಡಕ ಏರಿಸಿ, ತಟ್ಟೆಯಲ್ಲಿ ಕಾರು ಹೊತ್ತು ಗೇಟಿನ ಹೊರಗೆ ಕಾಲಿಟ್ಟರೆ, ರಸ್ತೆಯೇ ಇಲ್ಲ!

ಡೈರಿಯಿಂದ ಇಪ್ಪತ್ತು ಹೆಜ್ಜೆ ಬಿಟ್ಟರೆ ಮಿಕ್ಕ ಉದ್ದಕ್ಕೂ ಮೊಣಕಾಲೆತ್ತರ ಹುರುಳಿ ಗಿಡ ಹಾಸಿತ್ತು. ಅಂಚಿಗೆ ಸಾಲಾಗಿ ಕಲ್ಲು. ಗುಂಡಿಗಳ ಕಾಲದಲ್ಲಿ ಆರು ವರ್ಷ ರೋಡಿನ ಮೇಲೆ ಒಕ್ಕಣೆ ಮಾಡಲಾಗದೆ ಊರೆಲ್ಲ ಚಡಪಡಿಸಿತ್ತು. ಹೊಸ ಟಾರು ಕಂಡ ದಿನದಿಂದ ಎಲ್ಲರೂ ಹುರುಳಿ ಒಣಗುವುದನ್ನೇ ಕಾಯುತ್ತಿದ್ದರು. ಹನ್ನೊಂದು ಅರ್ಜಿ ಬರೆದು ರವೀಂದ್ರ ಊರಿಗೊಂದು ಭರ್ಜರಿ ಕಣ ಮಾಡಿಸಿಕೊಟ್ಟಿದ್ದ! ಅವನ ಗೇಟಿನ ಮುಂದೆ ಕುಕ್ಕೆ ಹಿಡಿದು ಹುರುಳಿ ಹರವುತ್ತಿದ್ದವಳು ಸಾಕ್ಷಾತ್ ಅವನ ತಾಯಿ.

“ಅವ್ವಾ! ಇದೇನವ್ವ? ಇವತ್ತು ರೇಸದೆ!”

“ರೇಸು ನಾಳೀಕ್ ಮಾಡ್ಕ ಓಗು. ಬಿಸ್ಲು ನಾಳೀಕ್ ಬತ್ತದೋ ಇಲ್ವೋ.”

“ರೋಡಿರೋದು ಓಡ್ಸಕ್ಕೆ ಕಣವ್ವ!”

“ಓಡ್ಸು, ಬ್ಯಾಡ ಅಂದೋರ್ಯಾರು? ಅದ್ರು ಮೇಲೇ ಓಡ್ಸು. ಒಸಿ ಕಾಳಾರ ಉದುರ್ಲಿ!”

ಮುಂದೂಡೋಣವೇ ಎಂದು ಶಶಿಕಿರಣ್ ಕೇಳಿದ. ಒಪ್ಪಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಡೈರಿ ಮುಂದೆ ಅಷ್ಟೊಂದು ಜನ ಸೇರಿದ್ದಾರೆ, ಕಣ್ಣಿಗೆ ಕನ್ನಡಕ ಬೇರೆ ಏರಿದೆ!

“ನನ್ ಸ್ಪೀಡಿಗೆ ಹುರುಳಿ ಮೇಲೇ ತೇಲ್ಕಂಡ್ ಹೋಯ್ತದೆ. ಬಿಡು ಕಾರು!”

ಡೈರಿ ಮುಂದೆ ಗಿಡ್ಡಯ್ಯ ಟವೆಲ್ಲು ಬೀಸಿದ. ಮೊದಲ ಇಪ್ಪತ್ತು ಹೆಜ್ಜೆ ರವೀಂದ್ರನ ಕಾರು ಮಿಂಚಿತು, ನಿಜವಾಗಿಯೂ ಮಿಂಚಿತು! ಶಶಿಕಿರಣನದು ಎಲ್ಲೋ ಹಿಂದೆ. ಆಮೇಲೆ ಕೆಂಪು ಕಾರು ಹುರುಳಿಯೊಳಗೆ ನುಗ್ಗಿ ಕಣ್ಮರೆಯಾಯಿತು. ಒಳಗಿಂದ ಗುಂಯ್ ಎಂಬ ಸದ್ದು, ಕೊಂಚ ಸುಟ್ಟ ವಾಸನೆ, ಕೊನೆಗೆ ಅದೂ ಇಲ್ಲ. ಗಿಡದ ಬಳ್ಳಿಗಳು ನಾಲ್ಕೂ ಚಕ್ರಕ್ಕೆ ಸುತ್ತಿಕೊಂಡಿದ್ದವು.

ಶಶಿಕಿರಣನ ಕಾರು ದಪ್ಪ ಚಕ್ರಗಳಲ್ಲಿ ಹುರುಳಿ ಹತ್ತಿತು, ಮಗುಚಿತು, ಅವನು ಓಡಿ ಎತ್ತಿ ನಿಲ್ಲಿಸಿದ, ಮತ್ತೆ ಕುಪ್ಪಳಿಸಿತು. ಹುರುಳಿ ಹೆಕ್ಕುತ್ತಿದ್ದ ಕೋಳಿಗಳು ಅದನ್ನು ಕಂಡದ್ದೇ ಕೂಗಿಕೊಂಡು ಬೇಲಿ ಹಾರಿದವು. ಬೆಟ್ಟಮ್ಮ ಕುಕ್ಕೆ ಕೆಳಗಿಟ್ಟು ಕಣ್ಣರಳಿಸಿ ನೋಡಿದಳು.

ಇತ್ತ ರವೀಂದ್ರ ಮಂಡಿಯೂರಿ, ತೆವಳುತ್ತ, ಎರಡೂ ಕೈಯಲ್ಲಿ ಹುರುಳಿ ಬಾಚಿ ಬಾಚಿ ಕಾರು ಹುಡುಕುತ್ತಿದ್ದ.

“ಅಂಗೇ ತಿರುವಾಕ್ಲಾ ಮಗ! ಆ ಕಡೆದೂ ಒಸಿ ತಿರುವಾಕು!” ಬೆಟ್ಟಮ್ಮನಿಗೆ ಖುಷಿಯೋ ಖುಷಿ. ಹತ್ತು ವರ್ಷದಲ್ಲಿ ಮಗ ಒಕ್ಕಣೆಗೆ ಕೈ ಹಾಕಿದ್ದು ಇದೇ ಮೊದಲು.

ಆಗ ಅರಕಲಗೂಡು ಕಡೆಯಿಂದ ಶುಂಠಿ ತುಂಬಿದ ಲಾರಿ ಬಂತು. ಒಕ್ಕಣೆಯವರಿಗೆ ಇದಕ್ಕಿಂತ ಭಾಗ್ಯ ಉಂಟೇ! “ಮಧ್ಯಕ್ ಬಾ ಸಾ! ಮಧ್ಯಕ್ಕೇ ಬಾ!” ಎಂದು ಊರಿಗೆ ಊರೇ ಕೈ ಬೀಸಿತು. “ಬ್ಯಾಡ! ನಿಲ್ಸಿ!” ಎಂದು ಕೂಗಿದವನು ಒಬ್ಬನೇ. ಚಾಲಕ ಪುಣ್ಯಾತ್ಮ, ಬಹುಮತಕ್ಕೆ ಬೆಲೆ ಕೊಟ್ಟ. ರವೀಂದ್ರ ಪಕ್ಕಕ್ಕೆ ಹಾರಿದ. ಹುರುಳಿ ಚರಚರ ಎಂದಿತು. ನಡುವೆ ಎಲ್ಲೋ ಒಮ್ಮೆ ‘ಪಟ್’ ಎಂದಿತು. ಅದು ಹುರುಳಿಯಲ್ಲ.

ಅದೇ ಹೊತ್ತಿಗೆ ಶಶಿಕಿರಣನ ಕಾರು ಗೇಟು ಮುಟ್ಟಿತು.

ಸಂಜೆ ಬೆಟ್ಟಮ್ಮ ಮೊರದಲ್ಲಿ ಕೇರುತ್ತಿದ್ದರೆ ಹೊಟ್ಟು ಹಾರಿತು, ಕಾಳು ನಿಂತಿತು, ಕಾಳಿನ ಜೊತೆ ಒಂದು ಚಕ್ರ, ಮೂರು ಸ್ಕ್ರೂ, ಒಂದು ಕೆಂಪು ಚೂರು. ಅವನ್ನು ಲೋಟಕ್ಕೆ ಹಾಕಿ ಮಗನ ಕೈಗಿತ್ತಳು. ರವೀಂದ್ರ ಕೆಂಪು ಚೂರನ್ನು ಅಂಗೈಯಲ್ಲಿಟ್ಟು ನೋಡಿದ. ಒಂದು ವಾರವಾದರೂ ಅವನ ಮಾತು ಕೇಳಿದ ಜೀವ ಅದೊಂದೇ. ಆಮೇಲೆ ಹೊಲಿಗೆ ಮಿಷಿನ್ನು ಹೊತ್ತು ಹದಿನಾಲ್ಕು ಮೆಟ್ಟಿಲು ಹತ್ತಿದ. ಸೌಜನ್ಯ ಹಿಂದಿನಿಂದ “ಗೋಡೆಗೆ ಗುದ್ದಬೇಡಿ, ಅದು ಆನ್-ರೋಡು” ಎಂದಳು.

ಆದರೆ ರವೀಂದ್ರ ಎದೆಗುಂದುವ ಕುಳವಲ್ಲ! ಶಶಿಕಿರಣ್ ಕನಿಕರಪಟ್ಟು ತನ್ನ ಕಾರನ್ನು ಇಲ್ಲೇ ಬಿಟ್ಟು ಹೋಗಿದ್ದ. ಹಾಸನದ ರೇಸಿಗೆ ಇನ್ನೂ ಒಂದು ವಾರವಿತ್ತು. ‘ಆಫ್-ರೋಡೇ ಗಂಡಸರ ಆಟ, ಮೊದಲಿಂದ ನಾನು ಅದನ್ನೇ ಹೇಳ್ತಿದ್ದೆ’ ಎಂದು ಕಾಲೇಜಿನಲ್ಲಿ ಎಲ್ಲರಿಗೂ ಸಾರಿ, ಸಂಜೆ ಹುರುಪಿನಿಂದ ಮನೆಗೆ ಬಂದ.

ಜಗಲಿ ಮೇಲೆ ಬೆಟ್ಟಮ್ಮ ಕೂತಿದ್ದಳು. ಕೈಯಲ್ಲಿ ರಿಮೋಟು. ರಸ್ತೆಯ ಮೇಲೆ ಒಣಗುತ್ತಿದ್ದ ಎರಡನೇ ಹರವಿನ ಸುತ್ತ ಕಾರು ಗಸ್ತು ಹೊಡೆಯುತ್ತಿತ್ತು. ಕಲ್ಲು ಬಳಸಿ, ರಿವರ್ಸ್ ತೆಗೆದು, ಹುಂಜದ ಬಾಲದವರೆಗೆ ಹೋಗಿ ನಿಲ್ಲುತ್ತಿತ್ತು. ಹೆಕ್ಕಲು ಒಂದು ಕೋಳಿಯೂ ಹತ್ತಿರ ಸುಳಿಯುವಂತಿರಲಿಲ್ಲ.

“ಅವ್ವ, ಒಂದ್ಸಲ ಕೊಡವ್ವ. ರೇಸಿಗೆ ಕಲ್ಕಬೇಕು.”

“ತಡೀಲಾ, ಹುಂಜ ಬತ್ತಾ ಅದೆ. ನೀನಿನ್ನೂ ಹೊಸಬ.”

ಮಹಡಿಯ ಕಿಟಕಿಯಲ್ಲಿ ಮಿಷಿನ್ನಿನ ಸದ್ದು ನಿಂತಿತು. ಸೌಜನ್ಯ ತಲೆ ಹೊರಹಾಕಿದಳು.

“ರೀ, ರೇಸಿಗೆ ಹೆಸ್ರು ಕೊಟ್ಟಾಯ್ತು. ಆಫ್-ರೋಡು, ಹೊಸಬರ ವಿಭಾಗ, ಬೆಟ್ಟಮ್ಮ!”

“ಮತ್ತೆ ನನ್ ಹೆಸ್ರು?”

“ಅದೂ ಅದೆ. ಕಾರು ಮಗುಚಿ ಬಿದ್ರೆ ಓಡೋಗಿ ಎತ್ತಿ ನಿಲ್ಸಕ್ಕೆ ಒಬ್ರು ಬೇಕಂತೆ. ಅನುಭವಸ್ಥರೇ ಇದಾರೆ ಅಂತ ಬರ್ಸಿದೀನಿ.”

ಅಷ್ಟರಲ್ಲಿ ರಸ್ತೆಯ ನಡುವೆ ಕಾರು ಪಲ್ಟಿ ಹೊಡೆಯಿತು.

“ಲೇ ರವೀ, ಮಗುಚ್ಕತು ಕಣ್ಲಾ! ಓಡು, ಓಡು!”

ರವೀಂದ್ರ ಪ್ಯಾಂಟು ಮಡಚಿಕೊಂಡು ಓಡಿದ.