ಹಿತ್ತಲ ಮರಗೆಣಸಿನ ಗಡುವು

ಮನೆ ಬಿಡಲು ನಾಳೆಯೇ ಕೊನೆಯ ದಿನ ಎಂದು ನೋಟಿಸಿನಲ್ಲಿತ್ತು. ಹಿತ್ತಲ ಮರಗೆಣಸು ಬಲಿಯಲು ಇನ್ನೂ ಎರಡು ತಿಂಗಳು ಬೇಕಿತ್ತು. ಪುಟ್ಟಯ್ಯನ ಕಷ್ಟ ಇಷ್ಟೇ.

ಭದ್ರಾವತಿಯ ಬೆಂಕಿಪೊಟ್ಟಣದ ಕಾರ್ಖಾನೆ ಮುಚ್ಚಿ ಹನ್ನೆರಡು ವರ್ಷವಾಗಿತ್ತು. ಅಲ್ಲಿ ದುಡಿದ ಪುಟ್ಟಯ್ಯನಂಥವರನ್ನು ಪೂರ್ತಿ ಮರೆತಿದ್ದ ಸರ್ಕಾರಕ್ಕೆ, ಅವರು ಮಲಗುವ ಕ್ವಾರ್ಟರ್ಸು ಮಾತ್ರ ಈಗ ನೆನಪಾಗಿತ್ತು.

ಕಾರ್ತಿಕದಲ್ಲಿ ಆ ಗೆಣಸಿನ ಕಡ್ಡಿ ನೆಟ್ಟವಳು ಹೆಂಡತಿ ಪುಷ್ಪಮ್ಮ. ಸಂಕ್ರಾಂತಿಗೆ ಮುಂಚೆ ಅವಳೇ ಮಣ್ಣು ಸೇರಿದಳು. "ಹತ್ತು ತಿಂಗಳು ತುಂಬೋವರೆಗೂ ಕೀಳ್ಬೇಡಿ, ಹಿಟ್ಟು ಕಟ್ಟಿರಲ್ಲ" ಎಂದು ಆಸ್ಪತ್ರೆಯ ಮಂಚದಿಂದಲೂ ಹೇಳಿದ್ದಳು. ಮಹಾಲಯ ಅಮಾವಾಸ್ಯೆಗೆ ಅವಳಿಗೆ ಮೊದಲ ಎಡೆ. ಅವಳೇ ನೆಟ್ಟ ಗೆಣಸು, ಬೆಂದರೆ ಹೂವಿನಂತೆ ಬಿರಿಯುವ ಗೆಣಸು, ಅವಳ ಎಲೆಗೆ ಬೀಳಬೇಕು.

ಬೀದಿಯವರೆಲ್ಲ ಸಲಹೆ ಕೊಟ್ಟರು. ಪಕ್ಕದ ಮನೆಯ ಧರ್ಮೇಂದ್ರ, ನೋಟಿಸು ಕಳಿಸಿದ ಶಿವಮೊಗ್ಗದ ದುರ್ಗಿಗುಡಿ ಆಫೀಸಿಗೆ ಹೋಗಿ ಇನ್ನೆರಡು ತಿಂಗಳ ಗಡುವು ಕೇಳು, ಬರೀ ಬಾಯಿಮಾತು ನಂಬಲ್ಲ, ಸ್ಯಾಂಪಲ್ ಒಯ್ಯಿ ಎಂದ. ಪುಟ್ಟಯ್ಯ ಒಂದೇ ಒಂದು ಗೆಡ್ಡೆ ಕಿತ್ತು, ಬೇಯಿಸಿ, ಡಬ್ಬಿಗೆ ಹಾಕಿಕೊಂಡ. "ಹಿತ್ಲು ನೋಡ್ಕೋ ಮಾರಾಯ" ಎಂದು ಹೇಳಿ ಬಸ್ಸು ಹತ್ತಿದ. ಫೋನು ಬೀಗ ಹಾಕಿದ ಮನೆಯೊಳಗೆ ಚಾರ್ಜಿಗೆ ಹಾಕಿದಲ್ಲೇ ಉಳಿಯಿತು.

ಆಫೀಸಿನಲ್ಲಿ ಮೂರು ಮೇಜುಗಳ ಸುತ್ತ ಗಾಣದೆತ್ತಿನಂತೆ ತಿರುಗಿದ. ಪ್ರತಿ ಮೇಜಿನವರೂ ಪರಿಶೀಲನೆಗೆಂದು ಒಂದೊಂದು ಹೋಳು ತಿಂದರು. ಮೊದಲನೆಯವರು ಸೋಪಿನ ಹಾಗಿದೆ ಎಂದರು. ಎರಡನೆಯವರು ಮೇಣದಬತ್ತಿ ಎಂದರು. ಮೂರನೆಯವರು ಉಪ್ಪು ಕೇಳಿದರು. ಅಧಿಕಾರಿ ಹೇಮಶ್ರೀಯ ಕೋಣೆ ಮುಟ್ಟುವಾಗ ಡಬ್ಬಿಯಲ್ಲಿ ಉಳಿದದ್ದು ಒಂದೇ ಹೋಳು. ಆಕೆ ಬೆರಳಲ್ಲಿ ಹಿಸುಕಿದರು. ನೀರು ಜಿನುಗಿತು.

"ಇನ್ನೂ ಎಳೇದು. ಇಷ್ಟು ಬೇಗ ಯಾಕೆ ಕಿತ್ರಿ?"

"ನೀವು ನಾಳೆ ನನ್ನನ್ನೇ ಕೀಳ್ತೀರಲ್ಲ ತಾಯಿ."

ಆಕೆ ಅವನ ಅರ್ಜಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಅದರ ಮೇಲೆ 'ಬೆಳೆ ಬಲಿಯುವವರೆಗೆ, ಮಹಾಲಯ ಅಮಾವಾಸ್ಯೆಯ ತನಕ' ಎಂದು ಬರೆದು ಸೀಲು ಒತ್ತಿಸಿದರು.

ಪುಟ್ಟಯ್ಯ ಹಸುಗೂಸಿನಂತೆ ಆ ಕಾಗದವನ್ನು ಎದೆಗವಚಿಕೊಂಡು ಊರಿಗೆ ಬಂದ. ಬೀದಿಯವರೆಲ್ಲ ಕೆಸರುಗಾಲಲ್ಲಿ, ಗುದ್ದಲಿ ಹಿಡಿದು ಅವನ ಹಿತ್ತಲಲ್ಲೇ ನಿಂತಿದ್ದರು. ನೆಲ ಹಂದಿ ಉತ್ತಂತಿತ್ತು.

ಮಧ್ಯಾಹ್ನ ಪಕ್ಕದ ಬೀದಿಗೆ ಜೆಸಿಬಿ ಬಂತಂತೆ. ಇವನಿಗೆ ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲವಂತೆ.

"ಪುಷ್ಪಕ್ಕನ ಗೆಣಸು ಜೆಸಿಬಿ ಬಾಯಿಗೆ ಬೀಳೋದು ಬೇಡ ಅಂತ ಎಲ್ರೂ ಸೇರಿ ಕಿತ್ವಿ ಅಣ್ಣ" ಎಂದ ಧರ್ಮೇಂದ್ರ. "ಒಂದೂ ಬಿಟ್ಟಿಲ್ಲ."

ಕಿತ್ತದ್ದು ಎರಡು ದಿನದಲ್ಲಿ ಕಪ್ಪಾಗುತ್ತದೆಂದು ಅಷ್ಟನ್ನೂ ಬೇಯಿಸಿಯೂ ಇಟ್ಟಿದ್ದರು. ಧರ್ಮೇಂದ್ರ ತಟ್ಟೆ ಮುಂದೆ ಹಿಡಿದು, ಸ್ವಲ್ಪ ಸಂಕೋಚದಿಂದ ಹೇಳಿದ: "ಬೇಜಾರಾಗ್ಬೇಡ ಅಣ್ಣ, ಬರೀ ನೀರು."

ಬೈಯೋಣವೆಂದರೆ ಎಲ್ಲರ ಅಂಗೈಯಲ್ಲೂ ಬೊಬ್ಬೆಗಳು ಎದ್ದಿದ್ದವು. ಪುಟ್ಟಯ್ಯ ಒಂದು ಹೋಳು ತಿಂದ. ಆಮೇಲೆ ಕಸದ ರಾಶಿಯಿಂದ ಒಂದು ಕಡ್ಡಿ ಎತ್ತಿಕೊಂಡು, ಅವಳು ನೆಡುತ್ತಿದ್ದಂತೆಯೇ ಓರೆಯಾಗಿ ಮಣ್ಣಿಗೆ ಊರಿದ.

ಅದಕ್ಕೆ ಹತ್ತು ತಿಂಗಳು ಬೇಕು. ಜೇಬಿನ ಕಾಗದದಲ್ಲಿ ಇದ್ದದ್ದು ಎರಡು.